ಇಬ್ಬರು ಸದಸ್ಯರ ಸಂಘ

ಸಭೆಯ ಅಧ್ಯಕ್ಷತೆ ವಹಿಸಿರುವ ಎತ್ತರದ ಮಹನೀಯರೇ, ಅವರ ಪಕ್ಕದಲ್ಲಿ ಕೂತು ಈಗಾಗಲೇ ಎರಡು ಬಾರಿ ಗಡಿಯಾರ ನೋಡಿಕೊಂಡಿರುವ ಕನ್ನಡಕದ ಉಪಾಧ್ಯಕ್ಷರೇ, ಅತಿಥಿಗಳೇ, ಚಿತ್ರ ಬರೆಯುವವರೇ, ಕೋಡ್ ಬರೆಯುವವರೇ, ಸದ್ದು ಮಾಡುವವರೇ, ಮಿಕ್ಕವರ ತಪ್ಪು ಹುಡುಕಿ ಸಂಬಳ ಪಡೆಯುವವರೇ, ಮೂರನೇ ಸಾಲಿನಲ್ಲಿ ಕೂತಿರುವ ನಮ್ಮ ಅತ್ತೆಯವರೇ, ಮತ್ತು ಎಲ್ಲ ಸಭಿಕರೇ,

ನನ್ನನ್ನು ಪರಿಚಯಿಸಿದ ಮಿತ್ರರು ಒಂದು ಮಾತು ಹೇಳಿದರು. ಏಳು ವರ್ಷಗಳ ಹಿಂದೆ ನಾನು ವಿಡಿಯೋ ಗೇಮ್ ಕಸುಬುದಾರರ ಈ ಸ್ನೇಹಕೂಟವನ್ನು 'ಅಪಾರ ದೂರದೃಷ್ಟಿಯಿಂದ' ಹುಟ್ಟುಹಾಕಿದೆನಂತೆ. ನನಗೆ ಕೊಟ್ಟ ಈ ಫಲಕದ ಮೇಲೂ ಅದನ್ನೇ ಕೆತ್ತಿಸಿದ್ದೀರಿ. ದೂರದೃಷ್ಟಿಯೇ? ನನಗೆ ಆಗ ಮುಂದಿನ ಸೋಮವಾರವೇ ಕಾಣುತ್ತಿರಲಿಲ್ಲ. ಮೊದಲ ಕೂಟಕ್ಕೆ ಬಂದಿದ್ದ ನಲವತ್ತಮೂರು ಜನರಿಗೆ ನಿಜ ಗೊತ್ತು. ಉಳಿದವರಿಗೆ ಇಂದು, ಕಾರ್ಯದರ್ಶಿ ಹುದ್ದೆಯಿಂದ ಇಳಿಯುವ ಹೊತ್ತಿನಲ್ಲಿ ಹೇಳುತ್ತೇನೆ. ಇನ್ನು ನನ್ನನ್ನು ಯಾರೂ ಹುದ್ದೆಯಿಂದ ತೆಗೆಯುವಂತಿಲ್ಲವಲ್ಲ!

ನನ್ನ ಕಸುಬು ನಾಲ್ಕು ಕಾಲಿನ ಪ್ರಾಣಿಗಳನ್ನು ನಡೆಸುವುದು. ಗೇಮಿನಲ್ಲಿ ಕುದುರೆ ಓಡುವಾಗ ಯಾವ ಕಾಲು ಮೊದಲು ಏಳಬೇಕು, ನಾಯಿ ನಿಂತಾಗ ಬಾಲ ಎಷ್ಟು ಹೊತ್ತು ಆಡಬೇಕು, ಇದೇ ಕೆಲಸ, ಹನ್ನೊಂದು ವರ್ಷ. ಒಂದು ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನಮ್ಮ ಕಂಪನಿ ಅರವತ್ತೆರಡು ಜನರನ್ನು ಒಂದೇ ವಿಡಿಯೋ ಕರೆಗೆ ಕರೆದು, ಧನ್ಯವಾದ ಹೇಳಿ, ಮುಚ್ಚಿಹೋಯಿತು. ಕರೆ ಮುಗಿಯುವ ಮೊದಲೇ ನನ್ನ ಪಾಸ್‌ವರ್ಡ್ ಸತ್ತಿತ್ತು. ಓಡಿಸುತ್ತಿದ್ದ ಕುದುರೆಯೊಂದು ಹಿಂಗಾಲು ಎತ್ತಿಕೊಂಡು ಅಲ್ಲೇ ನಿಂತುಬಿಟ್ಟಿತು. ಇವತ್ತಿಗೂ ಹಾಗೇ ನಿಂತಿರಬೇಕು, ಪಾಪ.

ಎರಡು ತಿಂಗಳು ಈ ಸುದ್ದಿಯನ್ನು ಅತ್ತೆಯವರಿಂದ ಮುಚ್ಚಿಟ್ಟೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದವಳಿಗೆ ಅದೇನು ಕಷ್ಟ? ಒಂಬತ್ತಕ್ಕೆ ಕೋಣೆಗೆ ಹೋಗುವುದು, ಬಾಗಿಲು ಹಾಕಿಕೊಳ್ಳುವುದು, ಆರಕ್ಕೆ ದಣಿದ ಮುಖ ಮಾಡಿಕೊಂಡು ಹೊರಗೆ ಬರುವುದು. ಏಕೆ ಮುಚ್ಚಿಟ್ಟೆ ಎನ್ನುತ್ತೀರಾ? ಮನೆ ಅವರದು. ಅವರ ಮಗ ನನ್ನಿಂದ ವಿಚ್ಛೇದನ ಪಡೆದು ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿ ಆಗಲೇ ಮೂರು ವರ್ಷವಾಗಿತ್ತು. ನಾನು ಇನ್ನೂ ಅಲ್ಲೇ ಏಕಿದ್ದೇನೆ ಎಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕೆಲಸವಿರುವ ಹೆಂಗಸೊಬ್ಬಳು ಮನೆಯ ಕೋಣೆಯೊಂದರಲ್ಲಿ ಇದ್ದರೆ ಅದೊಂದು ರೀತಿ. ಕೆಲಸವೂ ಇಲ್ಲದ, ಗಂಡನೂ ಇಲ್ಲದ ಸೊಸೆ... ಇರಲಿ. ಇದು ನಾನು ಬರೆದುಕೊಂಡು ಬಂದ ಭಾಷಣದಲ್ಲಿ ಇಲ್ಲ. ಮುಂದಿನ ಸಾಲಿಗೆ ಹೋಗುತ್ತೇನೆ.

ನಮ್ಮ ಅತ್ತೆ ಮೂವತ್ತಾರು ವರ್ಷ ಶಾಲೆ ನಡೆಸಿದ ಮುಖ್ಯೋಪಾಧ್ಯಾಯಿನಿ. ಅವರ ಕಣ್ಣಿಗೆ ಮಣ್ಣೆರಚಲು ಸಾಧ್ಯವೇ? ಒಂದು ದಿನ ಬಾಗಿಲು ತಟ್ಟಿ ಒಳಗೆ ಬಂದರು.

"ಕೆಲಸ ಹೋಯ್ತಾ?"

"ಯಾರು ಹೇಳಿದ್ರು ಅತ್ತೆ?"

"ಯಾರು ಹೇಳ್ಬೇಕು? ಕೆಲಸ ಇದ್ದಾಗ ಬಾಗಿಲು ತೆಗೆದಿಟ್ಟು ಆ ಕಂಪ್ಯೂಟರ್‌ನ ಬಾಯಿಗೆ ಬಂದಂಗೆ ಬೈತಿದ್ದೆ. ಎರಡು ತಿಂಗಳಿಂದ ಅದಕ್ಕೆ ಒಂದು ಮಾತೂ ಅಂದಿಲ್ಲ."

ನಾನು ಎಲ್ಲ ಹೇಳಿದೆ. ಅರ್ಜಿ ಹಾಕಿದ ಕಡೆಯಿಂದೆಲ್ಲ ಯಂತ್ರವೇ ಉತ್ತರ ಬರೆಯುತ್ತದೆ, ಮನುಷ್ಯರ ಮುಖವೇ ಕಾಣುವುದಿಲ್ಲ ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಒಬ್ಬೊಬ್ಬರ ಬಾಗಿಲಿಗೂ ನೀನ್ಯಾಕೆ ಹೋಗ್ತೀಯ? ಎಲ್ಲರನ್ನೂ ಒಂದು ಕಡೆ ಕರಿ. ಮುಖ ನೋಡಿ ಮಾತಾಡು."

"ನಾನು ಕರೆದ್ರೆ ಯಾರು ಬರ್ತಾರೆ?"

"ನೀನು ಕರೆದ್ರೆ ಬರಲ್ಲ. ಸಂಘ ಕರೆದ್ರೆ ಬರ್ತಾರೆ."

"ಯಾವ ಸಂಘ?"

"ಅದನ್ನೇ ಈಗ ಮಾಡೋಣ. ನಾನು ಸುಳ್ಳು ಹೇಳಲ್ಲ, ನೆನಪಿಟ್ಕೋ. ಮೊದ್ಲು ಸಭೆ, ಆಮೇಲೆ ಕಾಗದ."

ಹೀಗೆ, ಸಭಿಕರೇ, ನಮ್ಮ ಸಂಘದ ಸ್ಥಾಪನಾ ಸಭೆ ಅಡುಗೆಮನೆಯಲ್ಲಿ ನಡೆಯಿತು. ಹಾಜರಿ ಇಬ್ಬರು. ಅತ್ತೆಯವರು ಅಧ್ಯಕ್ಷೆಯಾಗಿ ಅವಿರೋಧವಾಗಿ ಆಯ್ಕೆಯಾದರು. ನಾನು ಕಾರ್ಯದರ್ಶಿಯಾಗಿ ಆಯ್ಕೆಯಾಗುವಾಗ ಮಾತ್ರ ಅಧ್ಯಕ್ಷರು "ಅಕ್ಷರ ಚೆನ್ನಾಗಿಲ್ಲ" ಎಂದು ಆಕ್ಷೇಪ ಎತ್ತಿದ್ದು ದಾಖಲಾಗಿದೆ. 'ಕಾರ್ಯಕಾರಿ ಸಮಿತಿಯ ತೀರ್ಮಾನದಂತೆ' ಎಂದು ಆರಂಭವಾಗುವ ಆಹ್ವಾನ ಪತ್ರಕ್ಕೆ ಅವರು ಸಹಿ ಹಾಕಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸುಳ್ಳು ಸೇರಿಸಿದವಳು ನಾನು. ಊರಿನಲ್ಲಿ ಆಗ ದೊಡ್ಡ ಸ್ಟುಡಿಯೋಗಳು ಎರಡೇ. ಒಂದರ ಯಜಮಾನರು ಇಂದಿನ ನಮ್ಮ ಎತ್ತರದ ಅಧ್ಯಕ್ಷರು, ಇನ್ನೊಂದರ ಯಜಮಾನರು ನಮ್ಮ ಕನ್ನಡಕದ ಉಪಾಧ್ಯಕ್ಷರು. ಹಿಂದೊಮ್ಮೆ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಮೇಲೆ ಕಾರ್ ರೇಸಿನ ಗೇಮ್ ಕಟ್ಟಿದವರು. ಕಂದಕಕ್ಕೆ ಬಿದ್ದ ಕಾರನ್ನು ಎತ್ತಿ ಮತ್ತೆ ರಸ್ತೆಗೆ ಇಡಬೇಕೇ, ಆಟಗಾರ ಮೊದಲಿನಿಂದ ಶುರು ಮಾಡಬೇಕೇ ಎಂಬ ವಿಷಯಕ್ಕೆ ಜಗಳವಾಡಿ ಬೇರೆಯಾದರು. ಒಂಬತ್ತು ವರ್ಷ ಮಾತಿಲ್ಲ, ಕಥೆಯಿಲ್ಲ. ನಾನು ಏನು ಮಾಡಿದೆ? ಇಬ್ಬರ ಪತ್ರದಲ್ಲೂ, ಅತ್ತೆಯವರ ಸಹಿಯ ಕೆಳಗೆ, 'ವಿ.ಸೂ.' ಎಂದು ಹಾಕಿ, ಇನ್ನೊಬ್ಬರು ಬರಲು ಸಂತೋಷದಿಂದ ಒಪ್ಪಿದ್ದಾರೆ ಎಂದು ಬರೆದೆ. ತಾವು ಬರದಿದ್ದರೆ ಇನ್ನೊಬ್ಬ ಊರಿನ ಒಳ್ಳೊಳ್ಳೆಯ ಕೆಲಸಗಾರರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆಂದು ಇಬ್ಬರಿಗೂ ಹೆದರಿಕೆ. ಇಬ್ಬರೂ ಬಂದರು.

ಶನಿವಾರ, ಮಧ್ಯಾಹ್ನ ನಾಲ್ಕು ಗಂಟೆ. ಬಣ್ಣದ ಅಂಗಡಿಯ ಮೇಲಿನ ನೃತ್ಯ ಶಾಲೆಯ ಕೋಣೆ. ಒಂದು ಗೋಡೆ ಪೂರ್ತಿ ಕನ್ನಡಿ, ಹಾಗಾಗಿ ನಲವತ್ತಮೂರು ಜನ ಎಂಬತ್ತಾರಾಗಿ ಕಂಡರು. ಆದರೇನು, ಬಂದವರೆಲ್ಲ ನೇರವಾಗಿ ಗೋಡೆಯ ಪ್ಲಗ್ ಹುಡುಕಿಕೊಂಡು ಹೋಗಿ, ಫೋನ್ ಚಾರ್ಜಿಗೆ ಹಾಕಿ, ಅದರ ಮೇಲೆ ಬಗ್ಗಿ ನಿಂತುಬಿಟ್ಟರು. ರಾಕ್ಷಸರ ಸೈನ್ಯವನ್ನೇ ಸೃಷ್ಟಿಸುವ ಜನ, ಪಕ್ಕದವರಿಗೆ 'ಹೇಗಿದ್ದೀರಿ' ಎನ್ನಲು ಬೆವರುತ್ತಿದ್ದರು. ಅತ್ತೆಯವರು ಐದು ನಿಮಿಷ ನೋಡಿದರು. ಆಮೇಲೆ ಮೂಲೆಗೆ ಹೋಗಿ ಮೇನ್ ಸ್ವಿಚ್ ಆರಿಸಿದರು. ಚೀಲದಿಂದ ಶಾಲೆಯ ಹಿತ್ತಾಳೆ ಗಂಟೆ ತೆಗೆದರು.

"ಎದುರುಬದುರು ಕೂತ್ಕೊಳ್ಳಿ. ಗಂಟೆ ಹೊಡೆದಾಗ ಒಂದು ಕುರ್ಚಿ ಮುಂದಕ್ಕೆ. ಫೋನ್ ತೆಗೆದವರು ಹೊರಗೆ ನಿಲ್ಲಬೇಕು."

ಇಂದು ನೀವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ 'ಗಂಟೆ ಪದ್ಧತಿ' ಹುಟ್ಟಿದ್ದು ಹೀಗೆ. ಎರಡನೇ ಸಲ ಗಂಟೆ ಹೊಡೆದಾಗ ಗುಜುಗುಜು, ನಾಲ್ಕನೇ ಗಂಟೆಗೆ ನಗು. ಏಳನೇ ಗಂಟೆಗೆ ಎತ್ತರದವರೂ ಕನ್ನಡಕದವರೂ ಎದುರುಬದುರಾದರು.

ಒಬ್ಬರು ಚಾವಣಿ ನೋಡಿದರು. ಇನ್ನೊಬ್ಬರು ಕನ್ನಡಕ ಒರೆಸಿದರು. ಐದು ನಿಮಿಷವಾಯಿತು, ಅತ್ತೆ ಗಂಟೆ ಹೊಡೆಯಲಿಲ್ಲ. ಹತ್ತು ನಿಮಿಷವಾಯಿತು, ಹೊಡೆಯಲಿಲ್ಲ. ಗಂಟೆಯ ನಾಲಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ಕೋಣೆಯೆಲ್ಲ ಮಾತು ನಿಲ್ಲಿಸಿ ಆ ಇಬ್ಬರನ್ನೇ ನೋಡತೊಡಗಿತು. ಕೊನೆಗೆ ಕನ್ನಡಕದವರು ಜೇಬಿನಿಂದ ಪತ್ರ ತೆಗೆದು ಮೇಜಿನ ಮೇಲಿಟ್ಟರು.

"ನೀನು ಸಂತೋಷದಿಂದ ಒಪ್ಪಿದೀಯಂತೆ?"

ಎತ್ತರದವರೂ ಜೇಬಿಗೆ ಕೈ ಹಾಕಿದರು. "ನಾನೆಲ್ಲಿ ಒಪ್ಪಿದೆ? ಇಲ್ಲಿ ನೋಡು, ನೀನು ಒಪ್ಪಿದೀಯ!"

ಒಂಬತ್ತು ವರ್ಷಗಳ ನಂತರ ಅವರು ಆಡಿದ ಮೊದಲ ಮಾತುಗಳು ಇವು. ಎರಡನೆಯದನ್ನು ಇಬ್ಬರೂ ಒಟ್ಟಿಗೇ ಆಡಿದರು: "ಯಾರ್ರೀ ಇಲ್ಲಿ ಕಾರ್ಯದರ್ಶಿ?"

ಕಾಲುಗಳ ಬಗ್ಗೆ ಅಷ್ಟೆಲ್ಲ ತಿಳಿದವಳಿಗೆ ತನ್ನ ಯಾವ ಕಾಲನ್ನು ಮೊದಲು ಎತ್ತಬೇಕೆಂದೇ ಹೊಳೆಯಲಿಲ್ಲ. ಊರಿನ ಇಡೀ ಕಸುಬಿನ ಎದುರು ನಾನು ಮೋಸಗಾತಿ. ಎದ್ದು ನಿಂತೆ.

"ನಾನು. ಸಂಘ ಅಂತ ದೊಡ್ಡದೇನೂ ಇಲ್ಲ. ಹುಟ್ಟಿ ಮೂರು ವಾರ ಆಯ್ತು, ಇಬ್ಬರೇ ಸದಸ್ಯರು. ನಂಗೆ ಕೆಲಸ ಹೋಗಿದೆ. ಕೆಲಸ ಬೇಕಿತ್ತು, ಅದಕ್ಕೇ ಕರೆದೆ."

ಆಗ ಅತ್ತೆಯವರು ಆ ಎರಡೂ ಪತ್ರಗಳನ್ನು ಎತ್ತಿಕೊಂಡು, ಉತ್ತರ ಪತ್ರಿಕೆ ತಿದ್ದುವವರ ಹಾಗೆ, ನನ್ನ ವಿ.ಸೂ. ಓದಿದರು. ನನ್ನ ಕಡೆಗೊಮ್ಮೆ ನೋಡಿದರು. ಆ ನೋಟ ನನಗಿನ್ನೂ ಮರೆತಿಲ್ಲ. ಆಮೇಲೆ ಕನ್ನಡಕದವರ ಕಡೆಗೆ ತಿರುಗಿ ಎತ್ತರದವರನ್ನು ತೋರಿಸಿದರು.

"ಇವರು ಬರ್ತಾರೆ ಅಂತ ನಿಮಗೆ ಬರೆದಿದೆ. ಬಂದಿದ್ದಾರಾ?"

"ಬಂದಿದ್ದಾರೆ..."

"ನೀವು ಬರ್ತೀರಿ ಅಂತ ಇವರಿಗೆ ಬರೆದಿದೆ. ಬಂದಿದ್ದೀರಾ?"

"ಬಂದಿದ್ದೀನಿ."

"ಮತ್ತೆ ಸುಳ್ಳು ಎಲ್ಲಿದೆ, ತೋರಿಸಿ."

ಮೊದಲು ನಕ್ಕವರು ಎತ್ತರದವರು. ಕೋಣೆಯೆಲ್ಲ ನಕ್ಕಿತು. ಆ ನಗುವಿನ ನಡುವೆ ಹಿಂದಿನ ಸಾಲಿನಿಂದ, ಗೇಮಿಗೆ ಸದ್ದು ಮಾಡುವವರೊಬ್ಬರು ಮೆಲ್ಲಗೆ ಎದ್ದರು. "ನಂಗೂ ಕೆಲಸ ಇಲ್ಲ. ಐದು ತಿಂಗಳಾಯ್ತು" ಎಂದರು. ಅವರ ಪಕ್ಕದವರು ಎದ್ದರು. ಅವರ ಹಿಂದಿನವರು ಎದ್ದರು. ಹದಿನೇಳು ಜನ, ಸಭಿಕರೇ! ನಲವತ್ತಮೂರರಲ್ಲಿ ಹದಿನೇಳು ಜನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಿಡುವೇ ಇಲ್ಲದವರಂತೆ ಗೋಡೆ ಬದಿಗೆ ನಿಂತಿದ್ದರು. ಅಂದು ಯಾರೂ ಆರು ಗಂಟೆಗೆ ಮನೆಗೆ ಹೋಗಲಿಲ್ಲ. ತಿಂಗಳೊಳಗೆ ಹನ್ನೊಂದು ಜನರಿಗೆ ಕೆಲಸ ಸಿಕ್ಕಿತು. ನನಗೂ ಸಿಕ್ಕಿತು. ನಾನು ಕಾಲುಗಳ ಕೆಲಸ ಕೇಳಿದರೆ, ಇಷ್ಟು ಚೆನ್ನಾಗಿ ಬರೆಯುವವರು ಕಥೆ ವಿಭಾಗದಲ್ಲಿರಬೇಕು ಎಂದು ಎತ್ತರದವರು ಹಟ ಹಿಡಿದರು. ಅಲ್ಲೇ ಇದ್ದೇನೆ. ಅಲ್ಲಿ ಸುಳ್ಳಿಗೆ ಸಂಬಳ ಕೊಡುತ್ತಾರೆ.

ಇನ್ನೊಂದೇ ವಿಷಯ ಹೇಳಿ ಮುಗಿಸುತ್ತೇನೆ, ಉಪಾಧ್ಯಕ್ಷರು ಮೂರನೇ ಸಲ ಗಡಿಯಾರ ನೋಡಿದರು. ನಮ್ಮ ಸ್ಥಾಪಕ ಅಧ್ಯಕ್ಷೆ ಇಂದು ವೇದಿಕೆಯ ಮೇಲೆ ಏಕಿಲ್ಲ ಎಂದು ಹೊಸಬರು ಕೇಳುತ್ತಿರುತ್ತೀರಿ. ಸಂಘವನ್ನು ನೋಂದಾಯಿಸಲು ನಾವಿಬ್ಬರೂ ಕಚೇರಿಗೆ ಹೋಗಿದ್ದೆವು. ಅಧ್ಯಕ್ಷರೂ ಕಾರ್ಯದರ್ಶಿಯೂ ಒಬ್ಬರಿಗೊಬ್ಬರು ಸಂಬಂಧಿಕರೇ ಎಂದು ಅರ್ಜಿಯಲ್ಲಿ ಒಂದು ಪ್ರಶ್ನೆ. ಗುಮಾಸ್ತರು ಮೊದಲೇ ಎಚ್ಚರಿಸಿದರು: "ಸಂಬಂಧಿಕರಾದ್ರೆ ಒಬ್ಬರು ಹುದ್ದೆ ಬಿಡಬೇಕು ನೋಡಿ."

ನಾನು ಅತ್ತೆಯವರ ಕಿವಿಯಲ್ಲಿ ಹೇಳಿದೆ. "ಇಲ್ಲ ಅಂತ ಬರೀರಿ ಅತ್ತೆ. ಸುಳ್ಳೇನಲ್ಲ. ಕೋರ್ಟಿನ ಕಾಗದದ ಪ್ರಕಾರ ನಾವಿಬ್ಬರೂ ಈಗ ಏನೂ ಅಲ್ಲ."

ಅವರು ನನ್ನನ್ನು ನೋಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಆ ಸಾಲಿನ ಮುಂದೆ ದುಂಡಗೆ ಬರೆದರು: 'ಹೌದು. ಸೊಸೆ.' ಮರುಕ್ಷಣವೇ ಅಧ್ಯಕ್ಷೆಯ ಹೆಸರಿದ್ದ ಜಾಗಕ್ಕೆ ಒಂದು ಗೆರೆ ಎಳೆದು ಕಾಗದವನ್ನು ನನ್ನ ಕಡೆಗೆ ತಳ್ಳಿದರು.

"ಹುದ್ದೆ ತಾನೇ, ಹೋಗ್ಲಿ. ಬೇಗ ಸಹಿ ಹಾಕು, ಬಸ್ಸು ತಪ್ಪುತ್ತೆ."

ಈ ಫಲಕಕ್ಕೆ, ನಿಮ್ಮ ಚಪ್ಪಾಳೆಗೆ, ಇಷ್ಟು ಹೊತ್ತು ಫೋನ್ ತೆಗೆಯದೆ ಕೂತದ್ದಕ್ಕೆ ನಾನು ಋಣಿ. ಮೂರನೇ ಸಾಲಿನವರು ಕೈಸನ್ನೆ ಮಾಡುತ್ತಿದ್ದಾರೆ, ಭಾಷಣ ಉದ್ದವಾಯಿತಂತೆ. ಅವರಿಗೆ ಮೊದಲು, ಆಮೇಲೆ ನಿಮ್ಮೆಲ್ಲರಿಗೆ, ನಮಸ್ಕಾರ.