ಎಲ್ನೇಥನ್ ಓದಿದ ಚೀಟಿ

ಒಲೆ ಹತ್ತಿರ ಸರಿದು ಕೂತ್ಕೊಳ್ಳಿ. ಪಿಸುಮಾತಲ್ಲೇ ಹೇಳ್ತೀನಿ... ಇದು ನಮ್ಮ ಪಕ್ಕದ ಮನೆ ಬೇತಿಯಾಗೆ ಆದದ್ದು. ಅವತ್ತೇ ನನ್ನ ಬಾಗಿಲು ಬಡಿದು ಹೇಳಿದಳು.

ಜನವರಿ ಕೊನೆ. ಬಾಣಂತಿಯೊಬ್ಬಳಿಗೆ ಜೋಳದ ಗಂಜಿ ಕೊಟ್ಟು ಒಬ್ಬಳೇ ಮನೆಗೆ ಬರ್ತಿದ್ದಳು. ಕತ್ತಲಾಗಿತ್ತು. ಬಾಸ್ಟನ್ ದಾರಿಯ ಬಾವಿ ದಾಟಿಯೇ ಬರಬೇಕು. ಮೂರು ವಾರದ ಹಿಂದೆ ಸೂಲಗಿತ್ತಿ ಹುಲ್ದಾ ಹಿಮದಲ್ಲಿ ಸೆಟೆದು ಸತ್ತು ಬಿದ್ದಿದ್ದು ಅಲ್ಲೇ.

ಹುಲ್ದಾ ಮಾಡಿದ ಪಾಪವಾದರೂ ಏನು? ಗುರುವಾರ ಗುರುವಾರ ನಾವು ಹೆಂಗಸರು ಅವಳ ಮನೇಲಿ ಸೇರಿ, ನೂಲು ತೆಗೆಯುತ್ತಾ ಭಾನುವಾರ ಪಾದ್ರಿ ಹೇಳಿದ ಪ್ರಸಂಗದ ಬಗ್ಗೆ ಮಾತಾಡ್ತಿದ್ದೆವು. "ದೇವರು ನಮ್ಮ ಹತ್ತಿರಾನೂ ಮಾತಾಡ್ತಾನೆ ಕಣ್ರೇ, ನಡುವೆ ಪಾದ್ರಿ ಯಾಕೆ?" ಅಂದಳು. ಅಷ್ಟೇ! ಹಿರಿಯರು ವಿಚಾರಣೆ ಕೂಡಿಸಿದರು. ಇಂಗ್ಲೆಂಡಿನ ಬಿಷಪ್ಪರ ಕಾಟ ತಾಳದೆ ಸಮುದ್ರ ದಾಟಿ ಬಂದವರು ನಾವು. ಇಲ್ಲಿ ಬಂದು ಮಾಡಿದ್ದೂ ಅದೇ.

ಪ್ರಾರ್ಥನೆ ಮನೆಯಲ್ಲಿ ಹೆಂಗಸು ಬಾಯಿ ಬಿಡೋ ಹಾಗಿಲ್ಲ. ಸಾಕ್ಷಿ ಹೇಳೋದಿದ್ದರೆ ಚೀಟಿ ಬರೆದು ಗಂಡನ ಕೈಗೆ ಕೊಡಬೇಕು, ಅವನು ಓದಬೇಕು. ಬೇತಿಯಾಳ ಎರಡೂ ಹೆರಿಗೆ ಮಾಡಿಸಿದವಳು ಹುಲ್ದಾ. ಅವಳದೇನೂ ತಪ್ಪಿಲ್ಲ ಅಂತ ಬೇತಿಯಾ ಬರೆದು ಕೊಟ್ಟಳು. ಗಂಡ ಎಲ್ನೇಥನ್ ಎದ್ದ. ಗಂಟಲು ಸರಿಮಾಡಿಕೊಂಡ. ಓದಿದ... "ಹುಲ್ದಾ ನನ್ನ ಮನಸ್ಸು ಕೆಡಿಸಿದಳು. ಅವಳ ಸಹವಾಸ ನನಗೆ ಬೇಡ."

ಅಯ್ಯೋ! ಹಿರಿಯರ ಸಾಲಲ್ಲಿ ಕೂರೋ ಆಸೆ ಆ ಮನುಷ್ಯನಿಗೆ. ಹುಲ್ದಾ ತಿರುಗಿ ಬೇತಿಯಾ ಮುಖ ನೋಡಿದಳು. ಇವಳು ತಲೆ ತಗ್ಗಿಸಿದಳು. ಮನೆಗೆ ಬಂದು ರಂಪ ಮಾಡಿದ್ದಕ್ಕೆ ಗಂಡ, "ನಿನ್ನನ್ನ ಉಳಿಸಿದೀನಿ ಕಣೇ, ಬಾಯಿ ಮುಚ್ಚಿಕೊಂಡಿರು" ಅಂದನಂತೆ.

ಹಿರಿಯರು ಹುಲ್ದಾಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರ ಬಿದ್ದವಳಿಗೆ ಯಾರೂ ಕೆಂಡ ಕೊಡೋ ಹಾಗಿಲ್ಲ, ರೊಟ್ಟಿ ಕೊಡೋ ಹಾಗಿಲ್ಲ. ನಾವೂ ಕೊಡಲಿಲ್ಲ. ಆ ಮಾತು ತನ್ನದಲ್ಲ ಅಂತ ಹೇಳೋ ಮೊದಲೇ ಹುಲ್ದಾ ಸತ್ತಳಲ್ಲ ಅನ್ನೋ ಕೊರಗು ಬೇತಿಯಾಳನ್ನು ತಿಂತಿತ್ತು.

ಆ ಕತ್ತಲಲ್ಲಿ ಬೇತಿಯಾ ಬಾವಿ ಹತ್ತಿರ ಬಂದಳು. ಕಿರ್ರ್... ಕಿರ್ರ್... ಏತದ ಮರ ಬಾಗುತ್ತಿತ್ತು. ಗಾಳಿಯೇ ಇರಲಿಲ್ಲ. ಕೆಳಗೆ ಮಂಜುಗಡ್ಡೆಗೆ ಮರದ ಬಕೆಟ್ ಬಡಿಯಿತು. ಟಕ್... ಟಕ್...

ಕಟ್ಟೆ ಮೇಲೆ ಹುಲ್ದಾ ಕೂತಿದ್ದಳು.

"ಹುಲ್ದಕ್ಕಾ... ಅದು ನಾನು ಬರೆದದ್ದಲ್ಲ. ಅವನು ಬದಲಾಯಿಸಿಬಿಟ್ಟ."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಓದುವಾಗಲೇ. ನಿನ್ನ ಮಾತು ಯಾವುದು ಅಂತ ನನಗೆ ಗೊತ್ತಾಗಲ್ವೇನೇ? ಅದಕ್ಕೇ ನಿನ್ನ ಕಡೆ ತಿರುಗಿದ್ದು. ಈಗ ಏಳ್ತಾಳೆ... ಈಗ ಏಳ್ತಾಳೆ... ಅಂತ ಕಾದೆ."

ಬೇತಿಯಾ ಕಟ್ಟೆ ಕಡೆ ಒಂದು ಹೆಜ್ಜೆ ಇಟ್ಟಳು.

"ನೀನು ಕೂತೇ ಇದ್ದೆಯಲ್ಲೇ, ಬೇತಿಯಾ."

ಏತ ನಿಂತಿತು. ಕಟ್ಟೆ ಮೇಲೆ ಯಾರೂ ಇರಲಿಲ್ಲ.

ಆ ಭಾನುವಾರ, ಪ್ರಸಂಗದ ನಡುವೆ ಬೇತಿಯಾ ಎದ್ದು ನಿಂತಳು. "ಅವತ್ತು ನನ್ನ ಗಂಡ ಓದಿದ್ದು ಸುಳ್ಳು! ಹುಲ್ದಕ್ಕ ಏನೂ ತಪ್ಪು ಮಾಡಿಲ್ಲ!"

"ಕೂತ್ಕೊಳ್ಳೇ!" ಎಲ್ನೇಥನ್ ಗದರಿದ. ಅವಳ ಬೆಂಚಿನ ಹೆಂಗಸರೆಲ್ಲ ಸರಸರ ಹಿಂದಿನ ಬೆಂಚಿಗೆ ಓಡಿದರು. ನಾನೂ ಓಡಿದೆ, ಸುಳ್ಳು ಯಾಕೆ ಹೇಳಲಿ? ಹುಲ್ದಾ ಮನೆ ರೊಟ್ಟಿ ತಿಂದವಳೇ ನಾನು. ಇಡೀ ಬೆಂಚಿಗೆ ಬೇತಿಯಾ ಒಬ್ಬಳೇ ನಿಂತಿದ್ದಳು.

ಆಗ ಕೇಳಿಸಿತು... ಅವಳ ಪಕ್ಕದ ಖಾಲಿ ಹಲಗೆ... ಕಿರುಕ್... ಹುಲ್ದಾ ಮಂಡಿ ನೋವಿಗೆ ಕೈ ಊರಿ ನಿಧಾನಕ್ಕೆ ಏಳ್ತಿದ್ದಳಲ್ಲ, ಹಾಗೆ. ಪಾದ್ರಿ ಅರ್ಧಕ್ಕೇ ಮಾತು ನಿಲ್ಲಿಸಿ ಅಲ್ಲೇ ನೋಡಿದರು.

ನಮ್ಮಲ್ಲಿ ಆಣೆ ಇಡೋ ಹಾಗಿಲ್ಲ, ಇಲ್ಲದಿದ್ದರೆ ಇಡ್ತಿದ್ದೆ. ನಂಬಿ, ಬಿಡಿ... ನಡೆದದ್ದು ನಿಜ. ಎರಡು ಮೊಳ ಹಿಂದೆ ನಾನು ಕೂತಿದ್ದೆ.