ಒಂದೇ ದನಿ

ಲಿಫ್ಟ್ ಮೆಕ್ಯಾನಿಕ್ಕನಿಗೆ ಕದ್ದು ಕೇಳುವ ಚಾಳಿಯಿರಲಿಲ್ಲ. ಆದರೆ ಕಿವಿಗೆ ಮುಚ್ಚಳವಿಲ್ಲವಲ್ಲ. ಆಸ್ಪತ್ರೆಯಲ್ಲಿ ಕಾಯುವವರ ಕುರ್ಚಿಗಳಿಗೆ ಬೆನ್ನು ಮಾಡಿ ಅವನು ತಂತಿ ಬಿಚ್ಚುತ್ತಿದ್ದ. ಹಿಂದೆ ತಾಯಿ, ಮಗಳು. ದನಿ ಒಂದೇ ಅಚ್ಚು. "ಅಮ್ಮಾ" ಎಂದಾಗಲೇ ಯಾರು ಯಾರೆಂದು ತಿಳಿಯುತ್ತಿದ್ದುದು.

"ಈಗ ಎಷ್ಟು ಅಂಡ ಸಿಗತ್ತಂತೆ?"

"ಒಂದೋ ಎರಡೋ, ಅಮ್ಮಾ. ಫ್ರೀಜ್ ಮಾಡಿಸಿದ್ರೂ ಆಸೆ ಇಟ್ಕೋಬೇಡಿ ಅಂದ್ರು ಡಾಕ್ಟ್ರು."

"ಮೂವತ್ತೆರಡಕ್ಕೇ ಮಾಡಿಸಿದ್ದಿದ್ರೆ?"

"ಹದಿನೈದಾದ್ರೂ ಸಿಗ್ತಿತ್ತು. ಈ ಆಸ್ಪತ್ರೆಯವರೇ ತಾನೇ ಅವತ್ತು ಬರೋದು ಬೇಡ ಅಂದಿದ್ದು? ನೀನೇ ಹೇಳಿದ್ಯಲ್ಲ, ಅಮ್ಮಾ."

"ಇವರು ಅನ್ಲಿಲ್ಲ ಕಣೇ. ನೀನು ಸ್ನಾನಕ್ಕೆ ಹೋಗಿದ್ದಾಗ ಇಲ್ಲಿಂದ ನಿನ್ನ ಫೋನಿಗೆ ಕರೆ ಬಂತು, ನಾನು ಎತ್ತಿದೆ. ನೀನೇ ಅಂದ್ಕೊಂಡು ಮಾತಾಡಿದ್ರು. 'ನಂಗೆ ಬೇಡ' ಅಂದ್ಬಿಟ್ಟೆ. ಅಂಡ ತೆಗೆದಿಟ್ಟಿದೆ ಅನ್ನೋ ಧೈರ್ಯ ಇದ್ರೆ ನೀನು ಮದುವೇನ ಇನ್ನೂ ಮುಂದಕ್ಕೆ ಹಾಕ್ತೀಯ ಅಂತ..."

"ಏಳು ವರ್ಷ, ಅಮ್ಮಾ."

ಒಳಗಿನಿಂದ ನರ್ಸ್ ಮಗಳ ಹೆಸರು ಕೂಗಿದಳು.

"ಬಂದೆ."

ಯಾರು ಹಾಗೆಂದದ್ದೆಂದು ತಿಳಿಯದೆ ಮೆಕ್ಯಾನಿಕ್ ತಿರುಗಿದ. ಮಗಳು ಮಾತಿಲ್ಲದೆ ಬಾಗಿಲು ದಾಟುತ್ತಿದ್ದಳು. ತಾಯಿ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಕೂತಿದ್ದಳು.