ಗೆದ್ದವಳಿಗೆ ದೊಡ್ಡ ತುಂಡು

ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ದರ್ಜಿಯಮ್ಮನ ಕಿವಿ, ಪಕ್ಕದ ಇಬ್ಬರು ಗೆಳತಿಯರ ಮಾತಿನತ್ತ ತಾನಾಗಿಯೇ ವಾಲಿತು.

"ಮೂವರೂ ಸೇರಿ ತೂಕ ಇಳಿಸೋಣ, ಹೆಚ್ಚು ಇಳಿಸಿದವಳಿಗೆ ಕೇಕಿನ ದೊಡ್ಡ ತುಂಡು ಅಂದೋಳು ನೀನೇ ಕಣೇ."

"ಪ್ರತಿ ವಾರ ಅವಳೇ ಗೆಲ್ತಿದ್ಲು. ತಿಂದೂ ಇಳೀತಾಳಲ್ಲ ಅಂತ ನಂಗೆ ಹೊಟ್ಟೆ ಉರೀತಿತ್ತು."

"ಡಾಕ್ಟರು ಏನಂದ್ರು?"

"ಗಡ್ಡೆಯಂತೆ. ಅವಳಿಗಿನ್ನೂ ಹೇಳಿಲ್ಲ. ಇಷ್ಟು ಸೊರಗಿದಾರೆ, ಜೊತೇಲಿದ್ದೋರು ಯಾರೂ ನೋಡ್ಲಿಲ್ವಾ ಅಂದ್ರು."

"ನೋಡಿದ್ವಲ್ಲೇ! ವಾರವಾರ ಚಪ್ಪಾಳೆ ಹೊಡೆದ್ವಲ್ಲೇ!"

ಅಷ್ಟರಲ್ಲಿ ಒಳಗಿನಿಂದ ಮೂರನೆಯವಳು ಬಂದಳು. ಬಟ್ಟೆಗೆ ಎರಡೆರಡು ಸಲ ಒಳಹೊಲಿಗೆ ಹಾಕಿ ಬಿಗಿ ಮಾಡಿಸಿದ್ದು ದರ್ಜಿಯಮ್ಮನ ಕಣ್ಣಿಗೆ ಬಿತ್ತು; ಆದರೂ ಅದು ಮೈಮೇಲೆ ಜೋತಾಡುತ್ತಿತ್ತು.

"ನರ್ಸು ತೂಕ ನೋಡಿದ್ಲು ಕಣ್ರೇ, ಈ ವಾರಾನೂ ನಾನೇ! ನಡೀರಿ, ದೊಡ್ಡ ತುಂಡು ನಂದು."

ಇಬ್ಬರೂ ಎದ್ದು, ಆಚೀಚೆಯಿಂದ ಅವಳ ತೋಳು ಹಿಡಿದುಕೊಂಡು ಹೊರಗೆ ನಡೆದರು.